ನಿಂತ ಅಲೆ

"ಅಲ್ಲೇ ಇಳಿಸಿ, ಒಳಗೆ ತರಬೇಡಿ" ಎಂದು ಸೋದರಮಾವ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟಾಗ ಬಡಗಿಯ ಒಂದು ಕಾಲು ಆಗಲೇ ಹೊಸ್ತಿಲು ದಾಟಿತ್ತು. ಹೆಗಲ ಮೇಲೆ ಬಟ್ಟೆಯ ಉದ್ದನೆಯ ಗಂಟು. ಗಂಟಿನ ಬಾಲವನ್ನು ಹಿಂದಿನಿಂದ ಎತ್ತಿ ಹಿಡಿದಿದ್ದವಳು ದರ್ಜಿಯಮ್ಮ. ಲಿಫ್ಟ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಮಹಡಿ ಹತ್ತಿ ಬಂದ ಇಬ್ಬರೂ ಏದುಸಿರು ಬಿಡುತ್ತಿದ್ದರು.

"ಏನಿದು?" ಎಂದ ಸೋದರಮಾವ.

"ಸಮುದ್ರ" ಎಂದ ಬಡಗಿ.

ನೀರು ಸರಬರಾಜು ಕಚೇರಿಯಲ್ಲಿ ಹಿರಿಯ ಗುಮಾಸ್ತನಾಗಿದ್ದ ಸೋದರಮಾವನಿಗೆ ಇಂಥ ಉತ್ತರ ಕೇಳಿ ಅಭ್ಯಾಸವಿರಲಿಲ್ಲ. ಸಾವಿನ ಮನೆಗೆ ಸಮುದ್ರ ಹೊತ್ತುಕೊಂಡು ಬರೋರನ್ನ ಇವತ್ತೇ ನೋಡಿದ್ದು ಅಂದ. ಬಡಗಿ ಗಂಟನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, "ಮನೆ ಚಿಕ್ಕದು ಅಂತ ಗೊತ್ತು. ಅದಕ್ಕೇ ಒಂದು ತುಂಡು ಮಾತ್ರ ತಂದಿದೀವಿ" ಎಂದ.

ಒಳಗೆ, ಕುರ್ಚಿ ಮೇಜುಗಳನ್ನೆಲ್ಲ ಗೋಡೆಗೆ ಒತ್ತರಿಸಿ ತೆರವು ಮಾಡಿದ ಕೋಣೆಯ ನಡುವೆ ಮಡಚುವ ಮಂಚದ ಮೇಲೆ ಕಡಲಪ್ಪ ಮಲಗಿದ್ದ. ಅದು ಅವನ ಹೆಸರಲ್ಲ, ರಂಗಮಂದಿರದವರು ಇಟ್ಟ ಅಡ್ಡಹೆಸರು. ಕೂದಲು ಕಪ್ಪಿದ್ದಾಗ ಅಲ್ಲಿ ಪರದೆ ಎಳೆಯಲು ಸೇರಿ, ಬೆಳ್ಳಗಾದ ಮೇಲೆ ಹೊರಗೆ ಬಂದವನು. ಪಕ್ಕದಲ್ಲಿ ಮೊಳೆ ಹೊಡೆದವನು ಈ ಬಡಗಿ. ಇಬ್ಬರೂ ಹರಿದದ್ದನ್ನೆಲ್ಲ ಹೊಲಿದವಳು ಈ ದರ್ಜಿಯಮ್ಮ. ಇಂಥವರ ಹೆಸರು ಅಲ್ಲಿ ಯಾರಿಗೆ ಬೇಕಿತ್ತು? ಗೋಡೆಯ ತುಂಬ ಹಾಡಿದವರ ಫೋಟೊ, ಕುಣಿದವರ ಫೋಟೊ, ಟೇಪು ಕತ್ತರಿಸಿ ಉದ್ಘಾಟಿಸಿದವರ ಫೋಟೊ. ಪರದೆ ಮಾತ್ರ ತಾನೇ ತಾನಾಗಿ ಏಳುತ್ತಿತ್ತು ಅನ್ನಬೇಕು.

ಮಗ ಅಡುಗೆಮನೆಯಿಂದ ಬಂದ. ಶಾಲೆಯನ್ನು ಅರ್ಧಕ್ಕೇ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದವನು. ಕಣ್ಣು ಸದಾ ಕೆಂಪು, ಅತ್ತರೂ ಅಳದಿದ್ದರೂ ಒಂದೇ. "ಮಾವ, ಬಿಡಿ ಅವರನ್ನ" ಎಂದ. ಅಪ್ಪನಿಗೆ ಹೊದಿಸೋಕೆ ತಂದಿದಾರೆ.

ಸೋದರಮಾವ ದನಿ ತಗ್ಗಿಸಿದ. ರಂಗಮಂದಿರದ ಮ್ಯಾನೇಜರು ಬರುವ ಹೊತ್ತು. ಅಂಥ ದೊಡ್ಡ ಮನುಷ್ಯರು ತಾವಾಗಿ ಬರುತ್ತೇವೆ ಅಂದಿದ್ದಾರೆ. ಅವರ ಮುಂದೆ ಈ ಮಾಸಿದ, ತೇಪೆ ಹಾಕಿದ ಬಟ್ಟೆಯೇ? ತಾನು ತನ್ನ ಮನೆಯಿಂದ ಇಸ್ತ್ರಿ ಮಾಡಿದ ಬಿಳಿ ಹೊದಿಕೆ ತಂದು ಹೊದಿಸಿಲ್ಲವೇ? ಭಾವನನ್ನು ಇವತ್ತೊಂದು ದಿನವಾದರೂ ಮರ್ಯಾದೆಯಿಂದ ಕಳಿಸಬೇಕೋ ಬೇಡವೋ?

"ಇವತ್ತೊಂದು ದಿನ" ಅನ್ನುವ ಮಾತು ಮಗನಿಗೆ ಕಾದ ಕಬ್ಬಿಣ ತಾಗಿದ ಹಾಗೆ ತಾಗಿತು. ಅವನು ಬಾಯಿ ತೆರೆಯುವ ಮೊದಲೇ ಮಂಚದ ಪಕ್ಕದ ಸ್ಟೂಲಿನಿಂದ ಅಮ್ಮ ಅಂದಳು, "ಗಂಟು ಅಲ್ಲೇ ಬಾಗಿಲ ಹತ್ರ ಇರ್ಲಿ ಬಿಡೋ. ಮೊದಲು ಆ ಮ್ಯಾನೇಜರು ಸಿನಿಮಾ ತರ್ಲಿ. ನಿಮ್ಮಪ್ಪನ ಕೈ ಒಂದ್ಸಲ ನೋಡ್ಬಿಡ್ತೀನಿ. ಆಮೇಲೆ ಏನು ಬೇಕಾದ್ರೂ ಹೊದಿಸಿ."

"ಕೈ ಇಲ್ಲೇ ಇದೆಯಲ್ಲಕ್ಕ" ಎಂದ ಸೋದರಮಾವ, ಸಮಾಧಾನ ಮಾಡುವ ದನಿಯಲ್ಲಿ.

"ಇದು ತಣ್ಣಗಿದೆ" ಎಂದಳು ಅಮ್ಮ.

*

ಎಷ್ಟೋ ವರ್ಷಗಳ ಹಿಂದೆ, ರಂಗಮಂದಿರಕ್ಕೆ ಕ್ಯಾಮೆರಾಗಳು ಬಂದ ಸಂಜೆ ಕಡಲಪ್ಪ ಸಮುದ್ರದ ಕೆಳಗೆ ಮಂಡಿಯೂರಿ ಕೂತಿದ್ದ.

ಅದೊಂದು ಇಟಲಿಯವರ ಒಪೆರಾ. ಮಾತು ಅನ್ನುವುದೇ ಇಲ್ಲ, ಜಗಳದಿಂದ ಹಿಡಿದು ಸಾವಿನವರೆಗೆ ಎಲ್ಲವನ್ನೂ ಹಾಡಿಯೇ ಮುಗಿಸುವ ನಾಟಕ. ಇಟಲಿಯಲ್ಲೇ ಅದನ್ನು ಮರೆತಿದ್ದರಂತೆ, ಯಾವುದೋ ಹಳೆಯ ಕಪಾಟಿನಿಂದ ಎತ್ತಿ ತಂದಿದ್ದರು. ಕತೆ ಇಷ್ಟೇ: ಮೀನುಗಾರರ ಹೆಂಗಸೊಬ್ಬಳ ಒಬ್ಬನೇ ಮಗನನ್ನು ಸಮುದ್ರ ಎಳೆದುಕೊಂಡಿದೆ. ಊರವರೆಲ್ಲ ಸುಮ್ಮನಾಗು, ಬರೆದದ್ದು ಅಷ್ಟೇ ಅನ್ನುತ್ತಾರೆ. ಇವಳು ಸುಮ್ಮನಾಗುವುದಿಲ್ಲ. ಕೊನೆಯ ಅಂಕದಲ್ಲಿ ಬರಿಗಾಲಲ್ಲಿ ದಡಕ್ಕೆ ಬಂದು ಸಮುದ್ರದ ಮೇಲೆ ಜಗಳಕ್ಕೆ ನಿಲ್ಲುತ್ತಾಳೆ. ಭಾಷೆ ಒಂದಕ್ಷರ ತಿಳಿಯದಿದ್ದರೂ ಕಡಲಪ್ಪ ಅದನ್ನು ಮನೆಯಲ್ಲಿ ತನ್ನದೇ ಮಾತಿನಲ್ಲಿ ಹೇಳುತ್ತಿದ್ದ: "ಏಯ್ ಸಮುದ್ರ, ನಿನ್ನ ಹೊಟ್ಟೇಲಿ ಅಷ್ಟೊಂದು ಮೀನಿದೆ. ಅದು ಸಾಲ್ದು ಅಂತ ನಂದೊಂದನ್ನ ಎತ್ಕೊಂಡ್ಯಾ? ಉಗುಳು ಅವನನ್ನ." ಹೇಳಿ, ಹೆಂಡತಿಯ ಕಡೆ ತಿರುಗಿ, "ಅವಳು ಅಳಲ್ಲ ಕಣೇ, ಬೈತಾಳೆ. ನಿನ್ನ ಹಾಗೇ" ಅನ್ನುತ್ತಿದ್ದ.

ಸಮುದ್ರವೆಂದರೆ ದರ್ಜಿಯಮ್ಮ ಪಟ್ಟಿ ಪಟ್ಟಿ ಸೇರಿಸಿ ಹೊಲಿದ ನೀಲಿ ಬಟ್ಟೆ. ರಂಗದ ಈ ಗೋಡೆಯಿಂದ ಆ ಗೋಡೆಗೆ ಹಾಸಿದ್ದರು. ಅದರ ಕೆಳಗೆ ಕೆಲಸದವರು ಸಾಲಾಗಿ ಮಂಡಿಯೂರಿ, ಬಿದಿರ ಕೋಲುಗಳಿಂದ ಬಟ್ಟೆಯನ್ನು ಎತ್ತಿ ಇಳಿಸಬೇಕು. ಒಳಗೆ ಕತ್ತಲು, ಸೆಕೆ, ಮೂಗಿಗೆ ಹಲಗೆಯ ದೂಳು. ಕೆಮ್ಮು ಬಂದರೆ ತೋಳು ಕಚ್ಚಿಕೊಳ್ಳಬೇಕು. ಹಾಡುವವಳು ಕಾಣುವುದಿಲ್ಲ. ಆದ್ದರಿಂದ ಕಡಲಪ್ಪ ಒಂದು ನಿಯಮ ಮಾಡಿದ್ದ. "ಕಣ್ಣು ಮುಚ್ಚಿ, ಕಿವಿ ಬಿಡಿ. ಅವಳು ಉಸಿರು ಎಳೆದಾಗ ಎತ್ತಿ. ಹಾಡೋಕೆ ಶುರು ಮಾಡಿದಾಗ ಇಳಿಸಿ. ಸಮುದ್ರಕ್ಕೂ ಅವಳಿಗೂ ಒಂದೇ ಎದೆ ಅಂದ್ಕೊಳ್ಳಿ." ಕೆಳಗಿನವರು ಮೊದಮೊದಲು ನಕ್ಕಿದ್ದರು. ಆಮೇಲೆ ಆ ಹೆಂಗಸಿನ ಉಸಿರು ಅವರಿಗೆ ಹೆಂಡತಿ ಮಕ್ಕಳ ಉಸಿರಿಗಿಂತ ಪರಿಚಯವಾಗಿಬಿಟ್ಟಿತು.

ಚಿತ್ರೀಕರಣಕ್ಕೆ ಅದು ಸಾಲದು ಅಂದ ನಿರ್ದೇಶಕ. ಕ್ಯಾಮೆರಾಕ್ಕೆ ಶಿಸ್ತು ಬೇಕು. ಬಟ್ಟೆಯ ಕೆಳಗೊಂದು ಕೆಂಪು ದೀಪ ಕಟ್ಟಿಸಿದ. ಹತ್ತಿದಾಗ ಎತ್ತಬೇಕು, ಆರಿದಾಗ ಇಳಿಸಬೇಕು. ದೀಪದ ಗುಂಡಿ ಒತ್ತಲು ಪಕ್ಕದಲ್ಲೊಬ್ಬನನ್ನು ಕೂರಿಸಿದ. ಸರಿ, ದೊಡ್ಡವರು ಹೇಳಿದ ಮೇಲೆ ಮುಗಿಯಿತು. ಜಗಳದ ಹಾಡು ಶುರುವಾಯಿತು, ದೀಪ ಹತ್ತಿತು, ಆರಿತು, ಸಮುದ್ರ ಎದ್ದಿತು, ಬಿದ್ದಿತು.

ಹಾಡಿನ ತುದಿಯಲ್ಲೊಂದು ಸಾಲಿದೆ. ಅವಳು ಎದೆ ತುಂಬ ಉಸಿರು ಎಳೆದು, ಸಮುದ್ರ ಹೆದರಬೇಕು ಅನ್ನುವ ಹಾಗೆ ಕೂಗಬೇಕು. ಆವತ್ತು ಅವಳು ಉಸಿರು ಎಳೆದಳು. ದೀಪ ಹತ್ತಿತು. ಅಲೆಗಳೆಲ್ಲ ಎದ್ದವು. ಅವಳು ಹಾಡಲಿಲ್ಲ. ಉಸಿರು ಹಿಡಿದು ನಿಂತಳು. ಮರೆತಳೋ, ದುಃಖವೇ ಗಂಟಲಿಗೆ ಅಡ್ಡ ಬಂತೋ, ಯಾರಿಗೆ ಗೊತ್ತು. ದೀಪದವನಿಗೆ ಅದೆಲ್ಲ ಬೇಕಿಲ್ಲ, ಹೊತ್ತಿಗೆ ಸರಿಯಾಗಿ ಆರಿಸಿದ. ಕೋಲುಗಳು ಇಳಿದವು. ಸಮುದ್ರ ಚಾಪೆಯಂತೆ ಮಲಗಿತು. ಕಡಲಪ್ಪನ ಅಲೆಯೊಂದು ಮಾತ್ರ, ಅವಳ ಕಾಲಿನ ಮುಂದೆಯೇ ಇದ್ದದ್ದು, ಇಳಿಯಲಿಲ್ಲ. ಉಸಿರು ಬಿಟ್ಟಿಲ್ಲವಲ್ಲ, ಹೇಗೆ ಇಳಿಸುತ್ತಾನೆ? ಬಟ್ಟೆಯ ಭಾರಕ್ಕೆ ಕೋಲು ಜಾರಿತು. ಅವನು ಮೇಲೆ ಕೈ ಚಾಚಿ ಬರಿಗೈಯಲ್ಲೇ ಅಂಚನ್ನು ಹಿಡಿದ. ಅಲೆಯ ನೆತ್ತಿಯ ಮೇಲೆ ಬೆರಳುಗಳು ಹೊರಬಂದವು. ಹಿಂದೆಂದೋ ಪರದೆಯ ತೂಕದ ಕಬ್ಬಿಣ ಬಿದ್ದು ಉಗುರು ಕಪ್ಪಾಗಿ ಉಳಿದ ಹೆಬ್ಬೆರಳೂ ಬಂತು.

ಅವಳು ತಲೆ ಬಗ್ಗಿಸಿದಳು. ಸಮುದ್ರದಿಂದ ಒಂದು ಕೈ ಮೇಲೆ ಬಂದಿರುವುದನ್ನು ಕಂಡಳು. ಕೂಗಬೇಕಾಗಿದ್ದ ಸಾಲನ್ನು ತೊಟ್ಟಿಲ ಪಕ್ಕ ಹೇಳುವ ಹಾಗೆ ಮೆಲ್ಲಗೆ ಹಾಡಿದಳು. ವಾದ್ಯದವರು ಕಂಗಾಲಾಗಿ ತಾವೂ ತಗ್ಗಿದರು. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಮಾರನೆಯ ದಿನ ನಿರ್ದೇಶಕ ಕಡಲಪ್ಪನನ್ನು ಎಲ್ಲರೆದುರು ನಿಲ್ಲಿಸಿ ಬೈದ. ದೀಪ ಕಾಣಲಿಲ್ಲವೇ, ಕಣ್ಣಿಲ್ಲವೇ, ಆ ಕೊಳಕು ಉಗುರನ್ನು ಲೋಕಕ್ಕೆಲ್ಲ ತೋರಿಸಬೇಕಿತ್ತೇ. ಮರಳಿ ಚಿತ್ರೀಕರಿಸಲು ಆಗುತ್ತಿರಲಿಲ್ಲ, ಹಾಡುವವಳು ಊರು ಬಿಟ್ಟಾಗಿತ್ತು. ಆ ಸಾಲಿನ ನಾಟಕಗಳು ಮುಗಿಯುವವರೆಗೆ ಕಡಲಪ್ಪನನ್ನು ರಂಗದಿಂದ ಇಳಿಸಿ ಸೀಟುಗಳ ಕೆಳಗಿನ ಕಸ ಗುಡಿಸಲು ಹಾಕಿದರು. ಚಿತ್ರ ಹೊರಬಂದಾಗ ಪತ್ರಿಕೆಯವರು ನೂರು ಮಾತು ಬಿಟ್ಟು ಆ ಒಂದು ಅಲೆಯನ್ನೇ ಹೊಗಳಿದರು. ಸಮುದ್ರವೆಲ್ಲ ಕಿವುಡಾದಾಗ ಒಂದೇ ಅಲೆ ಕೇಳಿಸಿಕೊಳ್ಳಲು ನಿಲ್ಲುತ್ತದೆ, ಎಂಥ ಕಲ್ಪನೆ ಅಂದರು. ನಿರ್ದೇಶಕ ಅಲ್ಲ ಅನ್ನಲಿಲ್ಲ. ಆ ಅಲೆ ಎಷ್ಟೋ ರಾತ್ರಿ ತನ್ನ ನಿದ್ದೆ ಕೆಡಿಸಿತ್ತು ಅಂತ ಸಂದರ್ಶನದಲ್ಲಿ ಹೇಳಿಕೊಂಡ. ಬೈಗುಳ ಕೈಗೆ, ಹಾರ ಅಲೆಗೆ.

*

ಮ್ಯಾನೇಜರು ಬಂದಾಗ ಕೋಣೆಯಲ್ಲಿದ್ದ ಅಕ್ಕಪಕ್ಕದ ಮನೆಯವರೆಲ್ಲ ಎದ್ದು ನಿಂತರು. ಮನುಷ್ಯ ಕೆಟ್ಟವನೇನಲ್ಲ, ಮೆದು ಮಾತಿನವನು. ರಂಗಮಂದಿರಕ್ಕೆ ಹೊಸಬ. ಕಡಲಪ್ಪನನ್ನು ಜೀವ ಇದ್ದಾಗ ಕಂಡವನೇ ಅಲ್ಲ. ಹೂಗುಚ್ಛವನ್ನು ಮಂಚದ ಕಾಲಿನ ಹತ್ತಿರ ಇಟ್ಟ, ತಲೆ ಬಗ್ಗಿಸಿದ, ಅಮ್ಮನ ಮುಂದೆ ಕೈ ಕಟ್ಟಿ ನಿಂತ. ನಮ್ಮ ಸಂಸ್ಥೆಯ ಅಡಿಗಲ್ಲುಗಳಲ್ಲಿ ಒಬ್ಬರು ಅಂದ. ಅಡಿಗಲ್ಲನ್ನು ನೆಲದೊಳಗೆ ಹೂತು ಅದರ ಮೇಲೆ ಓಡಾಡುತ್ತಾರೆ ಅನ್ನುವುದು ಅವನ ತಲೆಗೆ ಹೋಗಿರಲಿಲ್ಲ, ಪಾಪ. ಆಮೇಲೆ ಚೀಲದಿಂದ ಹೊಳೆಯುವ ಕವರಿನ ಡಿಸ್ಕ್ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಆ ಒಪೆರಾ ಚಿತ್ರದ ಹೊಸ ಪ್ರತಿ. ಇನ್ನೂ ಅಂಗಡಿಗೆ ಹೋಗಿಲ್ಲ, ಮೊದಲನೆಯದನ್ನೇ ತಂದಿದ್ದೇನೆ ಅಂದ.

ಅಮ್ಮ ಅದನ್ನು ಎದೆಗೊತ್ತಿಕೊಂಡಳು. ಕವರಿನ ಮೇಲೆ ಆ ಹೆಂಗಸು, ಅವಳ ಮುಂದೆ ಎದ್ದು ನಿಂತ ಒಂದೇ ಅಲೆ. ಮಗ ಇಣುಕಿ ನೋಡಿದ. ಅವನ ಹುಬ್ಬು ಗಂಟಾಯಿತು.

"ಚಿತ್ರ ಚಿಕ್ಕದು ಕಣೋ, ಅದಕ್ಕೇ ಕಾಣ್ತಿಲ್ಲ" ಎಂದಳು ಅಮ್ಮ ಮೆಲ್ಲಗೆ.

ಅವರ ಮನೆಯಲ್ಲಿ ಆ ಚಿತ್ರದ ಒಂದು ಹಳೆಯ ವಿಡಿಯೊ ಟೇಪು ಇತ್ತು, ಬಡಗಿ ಎಲ್ಲಿಂದಲೋ ಸಂಪಾದಿಸಿ ಕೊಟ್ಟದ್ದು. ಭಾನುವಾರ ಮಧ್ಯಾಹ್ನ ಉಂಡು ಕೂತರೆ ಅದೇ. ನೆಂಟರು ಬಂದರೂ ಅದೇ. ಮೊದಲಿಗೆ ನೆಂಟರು ಇದೇನು ಊಳಿಡೋದು ಅಂತ ನಗುವರು, ಕಡಲಪ್ಪ ಕತೆ ಹೇಳುವನು, ಸಮುದ್ರಕ್ಕೆ ಬೈಗುಳ ಶುರುವಾಗುವ ಹೊತ್ತಿಗೆ ನಗು ನಿಂತಿರುತ್ತಿತ್ತು. ಕೈ ಬಂದ ಕ್ಷಣಕ್ಕೆ ಅಮ್ಮ ಟೇಪು ನಿಲ್ಲಿಸಿ, ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟು, "ಇದು ನಮ್ಮನೆಯವರ ಕೈ" ಅನ್ನುವಳು. ಕಡಲಪ್ಪ ನಾಚಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಡುವನು. ನಿಲ್ಲಿಸಿ ನಿಲ್ಲಿಸಿ ಟೇಪು ಅದೇ ಜಾಗದಲ್ಲಿ ಸವೆಯಿತು. ಮೊದಲು ಬಿಳಿ ಗೆರೆಗಳು ಬಂದವು, ಆಮೇಲೆ ಮಂಜು. ಕಡೆಗೊಂದು ದಿನ ಯಂತ್ರವೇ ಅದನ್ನು ಅಗಿದು ತಿಂದಿತು.

ಕಡಲಪ್ಪ ಎದೆಯ ಕಾಯಿಲೆಯಲ್ಲಿ ಮಲಗಿದ್ದಾಗ ಬಡಗಿ ಸುದ್ದಿ ತಂದಿದ್ದ, ಚಿತ್ರವನ್ನು ತೊಳೆದು ಹೊಸದು ಮಾಡುತ್ತಾರಂತೆ, ಬಣ್ಣವೆಲ್ಲ ನಿನ್ನೆ ಮೊನ್ನೆ ತೆಗೆದ ಹಾಗೆ ಕಾಣುತ್ತದಂತೆ. ಆವತ್ತು ಕಡಲಪ್ಪ ದಿಂಬಿಗೆ ಒರಗಿ ಕೂತು ಗಂಜಿ ಕುಡಿದ. ಮಗನನ್ನು ಕರೆದು, "ಈ ಸಲ ಉಗುರೂ ಕಾಣುತ್ತೆ ಅನ್ಸುತ್ತೆ" ಎಂದ. ಮತ್ತೆ ಅಷ್ಟು ಉದ್ದದ ಮಾತನ್ನು ಅವನು ಆಡಲಿಲ್ಲ.

ಸೋದರಮಾವ ಟಿವಿಯನ್ನು ಮಂಚಕ್ಕೆ ಎದುರಾಗಿ ಮೇಜಿನ ಮೇಲೆ ಇಡಿಸಿದ್ದ. ಹೋದವನಿಗೆ ಸಂಸ್ಥೆಯೇ ಬಂದು ಗೌರವ ಸಲ್ಲಿಸುತ್ತಿದೆ, ಇಂಥ ಭಾಗ್ಯ ಎಷ್ಟು ಜನಕ್ಕೆ ಅಂತ ನಾಲ್ಕು ಮಾತಾಡಿದ. ಶವದ ಗಾಡಿ ಬರುವುದರೊಳಗೆ ಒಂದು ದೃಶ್ಯ ನೋಡೋಣ ಅಂದ. ಮಗ ರಿಮೋಟ್ ಹಿಡಿದು ಕೊನೆಯ ಅಂಕಕ್ಕೆ ಓಡಿಸಿದ.

ಬಣ್ಣ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಇಲ್ಲ ಅನ್ನುವ ಹಾಗಿರಲಿಲ್ಲ. ಬರಿಗಾಲ ಹೆಂಗಸು ದಡಕ್ಕೆ ಬಂದಳು. ಸುಂದರಿಯಲ್ಲ, ದಪ್ಪ ಮೂಳೆಯ, ಕೆಲಸ ಮಾಡಿ ಗೊತ್ತಿರುವ ಹೆಂಗಸು. ಸೊಂಟಕ್ಕೆ ಸಿಕ್ಕಿಸಿದ ಶಾಲು, ಹಿಮ್ಮಡಿಯ ಬಿರುಕು, ಕತ್ತಿನ ನರ ಕೂಡ ಕಾಣುತ್ತಿದ್ದವು. ಮೊದಲ ದನಿ ಕತ್ತಿ ಮಸೆದಂತೆ ಬಂತು. ಅವಳು ಬೈಯುತ್ತ ಒಂದೊಂದೇ ಹೆಜ್ಜೆ ನೀರಿನ ಕಡೆಗೆ ಬಂದಳು. ಪ್ರತಿ ಹೆಜ್ಜೆಗೆ ದನಿ ಒಂದು ಮೆಟ್ಟಿಲು ಮೇಲೆ. ಹಿಂದಿನಿಂದ ದಪ್ಪ ತಂತಿಯ ವಾದ್ಯಗಳು ಬೇಡ, ಬೇಡ ಅಂತ ಅವಳ ಸೆರಗು ಎಳೆದ ಹಾಗೆ ಗೊಣಗುತ್ತಿದ್ದವು. ಅವಳು ಹಿಂದೆ ತಿರುಗಲಿಲ್ಲ. ಬಾಗಿಲ ಹತ್ತಿರ ಪಿಸುಗುಟ್ಟುತ್ತಿದ್ದ ನೆರೆಯವರು ಸುಮ್ಮನಾದರು. ದರ್ಜಿಯಮ್ಮ ತನ್ನ ಹೊಲಿಗೆ ಗುರುತಿಸಿ, ಅಲೆ ಎದ್ದಾಗಲೆಲ್ಲ ತಾನೂ ಎದೆ ಉಬ್ಬಿಸುತ್ತಿದ್ದಳು. ಅಮ್ಮ ಮಂಚದ ಅಂಚಿಗೆ ಸರಿದು, ಹೊದಿಕೆಯ ಮೇಲಿಂದಲೇ ಗಂಡನ ಕೈಯ ಮೇಲೆ ಕೈ ಇಟ್ಟುಕೊಂಡಿದ್ದಳು.

ಆ ಹೆಂಗಸು ಉಸಿರು ಎಳೆದಳು. ಅಲೆಗಳು ಎದ್ದವು. ಬಿದ್ದವು. ಒಂದು ಅಲೆ ನಿಂತಿತು.

ನಿಂತೇ ಇತ್ತು. ನುಣ್ಣಗೆ, ನೀಲಿಯಾಗಿ. ಮೇಲೆ ಏನೂ ಇರಲಿಲ್ಲ. ಅವಳು ತಲೆ ಬಗ್ಗಿಸಿ ಮೆಲ್ಲಗೆ ಹಾಡಿದಳು.

"ಹಿಂದಕ್ಕೆ ಹಾಕು" ಎಂದಳು ಅಮ್ಮ.

ಮಗ ಹಾಕಿದ. ಅಲೆ ಎದ್ದಿತು, ನಿಂತಿತು. ಏನೂ ಇರಲಿಲ್ಲ.

ಅಮ್ಮ ಎದ್ದು ಟಿವಿಯ ಹತ್ತಿರ ಹೋದಳು. ನಿಲ್ಲಿಸು ಅಂತ ಸನ್ನೆ ಮಾಡಿ, ಅಲೆಯ ನೆತ್ತಿಯ ಮೇಲೆ ಬೆರಳಿಟ್ಟಳು. ಜಾಗ ಹುಡುಕಬೇಕಾಗಿರಲಿಲ್ಲ, ಬೆರಳಿಗೇ ಗೊತ್ತಿತ್ತು. "ಇಲ್ಲಿತ್ತು" ಎಂದಳು.

ಮ್ಯಾನೇಜರ ಮುಖ ಅರಳಿತು. ಯಾರಾದರೂ ಇದನ್ನು ಗಮನಿಸಲಿ ಅಂತ ಅವನು ಕಾದಿದ್ದ ಹಾಗಿತ್ತು. "ಓ, ಅದಾ? ಹಳೇ ಪ್ರತೀಲಿ ಅಲ್ಲೊಂದು ದೋಷ ಇತ್ತಮ್ಮ. ಯಾರೋ ಕೆಲಸದವನ ಕೈ ಹೊರಗೆ ಬಂದ್ಬಿಟ್ಟಿತ್ತು. ನಮ್ಮ ತಂತ್ರಜ್ಞರು ತುಂಬಾ ಕಷ್ಟಪಟ್ಟು ತೆಗೆದಿದಾರೆ. ನೋಡಿ, ಗುರುತು ಕೂಡ ಸಿಗಲ್ಲ."

ಸೋದರಮಾವ ನೆಲ ನೋಡಿದ. ಆ ಟೇಪನ್ನು ಅವನೂ ಎಷ್ಟೋ ಭಾನುವಾರ ನೋಡಿದ್ದವನೇ.

"ಆ ಯಾರೋ ಇಲ್ಲೇ ಮಲಗಿದಾನೆ ಸರ್" ಎಂದ ಮಗ.

ಮ್ಯಾನೇಜರು ಮಂಚ ನೋಡಿದ, ಟಿವಿ ನೋಡಿದ, ಅಮ್ಮನ ಬೆರಳು ನೋಡಿದ. ಕಿವಿ ಕೆಂಪಾಯಿತು. ತನಗೆ ಗೊತ್ತಿರಲಿಲ್ಲ, ದಯವಿಟ್ಟು ಕ್ಷಮಿಸಬೇಕು ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತೋ ಏನೋ. ಆದರೆ ಓದಿದವರಿಗೆ ಕ್ಷಮೆ ಕೇಳಿದ ಮೇಲೂ ಒಂದು ಕಾರಣ ಕೊಡದಿದ್ದರೆ ಉಂಡದ್ದು ಅರಗುವುದಿಲ್ಲ. ವೈಯಕ್ತಿಕವಾಗಿ ತೆಗೆದುಕೊಳ್ಳಬೇಡಿ, ಕಲೆಯ ದೃಷ್ಟಿಯಿಂದ ನೋಡಿದರೆ ಅದು ಭ್ರಮೆ ಒಡೆಯುತ್ತಿತ್ತು, ನೋಡುವವರ ಗಮನ ಕೈಯ ಕಡೆಗೆ ಹೋಗುತ್ತಿತ್ತು ಅಂದ.

"ಹಾಗಾದ್ರೆ ಅಲೆ ಯಾಕೆ ಅಳಿಸಲಿಲ್ಲ?" ಮಗನ ದನಿ ಇನ್ನೂ ಏರಿರಲಿಲ್ಲ. "ಅದೂ ತಪ್ಪೇ ತಾನೆ? ದೀಪ ಆರಿದ ಮೇಲೆ ಇಳೀಬೇಕಿತ್ತು."

"ಅದು ಹೇಗಾಗುತ್ತೆ? ಆ ದೃಶ್ಯಕ್ಕೆ ಅದೇ ಜೀವ."

"ಅದನ್ನ ಎತ್ತಿ ಹಿಡಿದಿದ್ದು ಗಾಳಿನಾ? ನಿಮಗೆ ಅಲೆ ಬೇಕು, ಕೈ ಬೇಡ. ಅಲ್ವಾ? ತೊಳೆದ್ರಂತೆ. ಯಾವುದನ್ನ ಕೊಳೆ ಅಂದ್ಕೊಂಡು ತೊಳೆದ್ರಿ?"

ಸೋದರಮಾವ ಅವನ ರಟ್ಟೆ ಹಿಡಿದ. ಸಾವಿನ ಮನೆಯಲ್ಲಿ ಜಗಳ ಆಡಬಾರದು, ಸಾಹೇಬರು ದೊಡ್ಡ ಮನಸ್ಸು ಮಾಡಿ ಇಷ್ಟು ಮೆಟ್ಟಿಲು ಹತ್ತಿ ಬಂದಿದ್ದಾರೆ ಅಂದ. ಮಗ ರಟ್ಟೆ ಬಿಡಿಸಿಕೊಂಡ. "ಅಪ್ಪ ಇವರ ಏಣಿ ಹತ್ತಿಲ್ವಾ ಮಾವ, ಮಂಡಿ ಸವೆಯೋವರೆಗೂ? ಆಗ ಯಾರಾದ್ರೂ ಕೆಳಗೆ ನಿಂತು ದೊಡ್ಡ ಮನಸ್ಸು ಅಂದ್ರಾ?" ಮತ್ತೆ ಮ್ಯಾನೇಜರ ಕಡೆ ತಿರುಗಿದ. ಬೇರೇನೂ ಬೇಡ, ಹಳೆಯದನ್ನು ಕೊಡಿ. ಗೆರೆ ಇರಲಿ, ಮಂಜು ಇರಲಿ, ಬಣ್ಣ ಹೋಗಿರಲಿ. ಕೈ ಇರೋದು ಕೊಡಿ, ಅಮ್ಮ ಒಂದ್ಸಲ ನೋಡಲಿ.

ಮ್ಯಾನೇಜರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಹಳೆಯ ರೀಲುಗಳು ಕೊಳೆಯುತ್ತಿದ್ದವು. ಹೊಸದು ತಯಾರಾದ ಮೇಲೆ ಅವನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ, ಎಸೆದಾಯಿತು. ಇನ್ನು ಮುಂದೆ ಇದೇ ಮೂಲ ಪ್ರತಿ ಅಂದ.

ಮಗನ ಮುಷ್ಟಿ ಬಿಗಿಯಿತು. ಆ ಮೆದು ಮುಖ, ಆ ಒಗೆದ ಕಾಲರು. ಒಂದು ಹೆಜ್ಜೆ ಮುಂದಿಟ್ಟರೆ ಸಾಕಿತ್ತು. ಬಡಗಿ ಅದನ್ನು ಕಂಡು ಮೆಲ್ಲಗೆ ಎದ್ದು, ಅವರಿಬ್ಬರ ನಡುವೆ ತನ್ನ ಅಗಲವಾದ ಬೆನ್ನನ್ನು ತಂದು ನಿಲ್ಲಿಸಿದ.

ಅಮ್ಮ ಟಿವಿಯ ಮೇಲಿಂದ ಬೆರಳು ತೆಗೆದಿರಲಿಲ್ಲ. "ಒಂದು ಮಾತು ಕೇಳ್ತೀನಿ ಸ್ವಾಮಿ" ಎಂದಳು. "ಅಷ್ಟು ಹೊತ್ತೂ ಬೈದಳಲ್ಲ ಇವಳು. ಯಾರು ಬೇಡ ಅಂದ್ರೂ ಕೇಳಲಿಲ್ಲ. ಈಗ ಯಾರನ್ನ ನೋಡಿ ದನಿ ಇಳಿಸಿದಳು?"

ಮ್ಯಾನೇಜರು ಟಿವಿ ನೋಡಿದ. ನಿಲ್ಲಿಸಿದ ಚಿತ್ರದಲ್ಲಿ ಆ ಹೆಂಗಸು ತಲೆ ಬಗ್ಗಿಸಿ, ಕಣ್ಣು ಅರಳಿಸಿ, ಬರಿಯ ಬಟ್ಟೆಯನ್ನು ನೋಡುತ್ತಿದ್ದಳು.

ಅಮ್ಮ ಸೆರಗಿನಿಂದ ಗಾಜಿನ ಮೇಲಿನ ಬೆರಳಿನ ಗುರುತು ಒರೆಸಿದಳು. ಬಾಗಿಲ ಕಡೆ ತಿರುಗಿ, "ಅಣ್ಣ, ಆ ಗಂಟು ಬಿಚ್ಚಿ" ಎಂದಳು ಬಡಗಿಗೆ.

*

ಕೆಳಗೆ ಗಾಡಿ ಬಂದು ನಿಂತ ಸದ್ದು ಕೇಳಿತು. ಸೋದರಮಾವ "ಅಕ್ಕ, ಗಾಡಿ ಬಂತು" ಎಂದ. ಅಮ್ಮ "ಬರ್ಲಿ" ಎಂದಳು.

ನೀಲಿ ಬಟ್ಟೆ ಬಿಚ್ಚಿಕೊಳ್ಳುತ್ತಿದ್ದಂತೆ ಹಲಗೆಯ ದೂಳು, ಹಳೆಯ ಬೆವರು, ಗೋದಾಮಿನ ಕಮಟು ಕೋಣೆಗೆಲ್ಲ ಹರಡಿತು. ರಂಗಮಂದಿರದವರು ಗೋದಾಮು ಖಾಲಿ ಮಾಡುವಾಗ ಸಮುದ್ರವನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿಕೊಂಡಿದ್ದರು. ಇದೊಂದು ತುಂಡನ್ನು ದರ್ಜಿಯಮ್ಮ ಸೀರೆಯ ಕೆಳಗೆ ಸುತ್ತಿಕೊಂಡು ಹೊರಗೆ ತಂದಿದ್ದಳಂತೆ. ಆವತ್ತು ಬಾಗಿಲು ಕಾಯುವವನು ಅವಳನ್ನು ನೋಡಿ, ಈ ವಯಸ್ಸಿನಲ್ಲಿ ಮತ್ತೆ ಬಸುರಾ ಅಂತ ಕೇಳಿದ್ದನಂತೆ. ಅದನ್ನು ಅವಳು ಬಟ್ಟೆ ಕೊಡವುತ್ತಲೇ ಹೇಳಿದಳು. ಅಮ್ಮ ಆವತ್ತು ಮೊದಲ ಸಲ ನಕ್ಕಳು, ಅಳುವೂ ಅದರ ಜೊತೆಗೇ ಬಂತು.

ಒಂದು ಮೂಲೆ ಬಡಗಿಗೆ, ಒಂದು ದರ್ಜಿಯಮ್ಮನಿಗೆ. ತಲೆಯ ಕಡೆ ಅಮ್ಮ, ಮಗ. ನೆರೆಯವರು ಗೋಡೆಗೆ ಅಂಟಿಕೊಂಡು ಜಾಗ ಬಿಟ್ಟರು. ಮ್ಯಾನೇಜರು ಹೊರಡಲೋ ನಿಲ್ಲಲೋ ತಿಳಿಯದೆ ಚೀಲ ಹಿಡಿದು ಮೂಲೆಯಲ್ಲಿ ನಿಂತ. ಅಮ್ಮ ಹಾಡನ್ನು ಮೊದಲಿನಿಂದ ಹಾಕು ಅಂದಳು. ಮಗ ಹಾಕಿ ರಿಮೋಟನ್ನು ಜೇಬಿಗಿಟ್ಟುಕೊಂಡ. ಅವನು ಬಟ್ಟೆ ಎತ್ತಿದವನಲ್ಲ. ಹೇಗೆ ಅಂತ ಬಡಗಿಯ ಮುಖ ನೋಡಿದ.

"ಕಣ್ಣು ಮುಚ್ಚು, ಕಿವಿ ಬಿಡು" ಎಂದ ಬಡಗಿ. "ನಿಮ್ಮಪ್ಪ ಹೇಳಿಲ್ವಾ?"

ಮೊದಲ ಅಲೆ ಸೊಟ್ಟಗೆ ಎದ್ದಿತು. ಮಗನ ಮೂಲೆ ಮುಂಚೆ, ಅಮ್ಮನದು ತಡ. ಎರಡನೆಯದು ಗೋಡೆಯ ಕ್ಯಾಲೆಂಡರಿಗೆ ಬಡಿದು ಅದು ಬಿತ್ತು. ಸಿಟ್ಟಿನಲ್ಲಿ ಎತ್ತಬೇಡ ಮಗಾ, ಅವಳ ಸಿಟ್ಟು ಅವಳು ನೋಡ್ಕೋತಾಳೆ, ನೀನು ಉಸಿರು ಮಾತ್ರ ಕೇಳು ಅಂದಳು ದರ್ಜಿಯಮ್ಮ. ಅವನು ಕೇಳಿದ. ಮುಚ್ಚಿದ ಕಣ್ಣಿನ ಕತ್ತಲಲ್ಲಿ ಆ ಹೆಂಗಸಿನ ಎದೆ ತುಂಬುವುದು ಕೇಳಿಸಿತು. ಇಷ್ಟು ವರ್ಷ ಅವನು ಹಾಡು ಮಾತ್ರ ಕೇಳಿದ್ದ, ಹಾಡುಗಳ ನಡುವಿನ ಇದನ್ನು ಕೇಳಿರಲಿಲ್ಲ. ಕೈ ತಾನಾಗಿ ಮೇಲೆ ಹೋಯಿತು. ನಾಲ್ಕು ಮೂಲೆಯೂ ಒಟ್ಟಿಗೆ ಎದ್ದವು. ಒಟ್ಟಿಗೆ ಇಳಿದವು. ಬೈಗುಳ ಏರುತ್ತ ಹೋಯಿತು, ಸಮುದ್ರ ಕಡಲಪ್ಪನ ಮೇಲೆ ಏರಿ ಏರಿ ಇಳಿಯಿತು.

ಅವಳು ಆ ದೊಡ್ಡ ಉಸಿರನ್ನು ಎಳೆದಳು. ನಾಲ್ವರೂ ತೋಳು ಚಾಚಿ, ಕಾಲ ಬೆರಳ ಮೇಲೆ ನಿಂತು ಎತ್ತಿದರು.

ಕೆಳಗಿನಿಂದ ಗಾಡಿಯವನು ಹಾರ್ನ್ ಒತ್ತಿದ. ಯಾರೂ ಇಳಿಸಲಿಲ್ಲ. ಮತ್ತೆ ಒತ್ತಿದ, ಈ ಸಲ ಉದ್ದಕ್ಕೆ. ಅಮ್ಮನ ತೋಳು ನಡುಗುತ್ತಿತ್ತು. ಸೋದರಮಾವ ಎದ್ದ. ಮಗ ಕಣ್ಣು ತೆರೆದು ಅವನನ್ನೇ ನೋಡಿದ. ಸೋದರಮಾವ ಕಿಟಕಿಯ ಹತ್ತಿರ ಹೋಗಿ, ಕೆಳಕ್ಕೆ ಬಗ್ಗಿ, "ಸ್ವಲ್ಪ ತಡಿಯಪ್ಪ" ಎಂದ. ಕಿಟಕಿ ಮುಚ್ಚಿದ.

ಅಲೆ ಎದ್ದ ಗಾಳಿಗೆ ಇಸ್ತ್ರಿ ಮಾಡಿದ ಬಿಳಿ ಹೊದಿಕೆಯ ಅಂಚು ಮಗುಚಿಕೊಂಡಿತ್ತು. ನಿಂತ ನೀಲಿಯ ಕೆಳಗೆ, ಮಂಚದ ಪಟ್ಟಿಯ ಮೇಲೆ, ಬೆರಳು ಅರ್ಧ ಮಡಚಿದ ಒಂದು ಕೈ, ಹೆಬ್ಬೆರಳಲ್ಲಿ ಕಪ್ಪು ಉಗುರು. ಟಿವಿಯಲ್ಲಿ ಆ ಹೆಂಗಸು ತಲೆ ಬಗ್ಗಿಸಿದಳು. ಅವಳ ದನಿ ಇಳಿಯಿತು.